ಗಾಳವಿಲ್ಲದ ಹೊಳಪು

ಡ್ವೇನ್, ಆ ಹೊಸದನ್ನು ಪೊಟ್ಟಣದಲ್ಲೇ ಇಡು.
ಪೋರ್ಟ್ ಮೆಕ್‌ನೀಲಿನ ಅಂಗಡಿಯವನು
ನಿನ್ನ ಮುಖ ನೋಡಿಯೇ ಮಾರಿದ್ದಾನೆ:
ನೇರಳೆ, ಅದರ ಮೇಲೆ ಎಣ್ಣೆ ಚೆಲ್ಲಿದ ನೀರಿನ ಬಣ್ಣ,
ಅದರ ಮೇಲೆ ಕತ್ತಲಲ್ಲಿ ಮಿನುಗುವ ಚುಕ್ಕಿ.
ಅಂಗಡಿ ದೀಪದಡಿ ಎಲ್ಲ ಫ್ಲ್ಯಾಷರೂ ಹಿಡಿಯುತ್ತವೆ,
ಮೊದಲು ಹಿಡಿಯುವುದು ಗಿರಾಕಿಯನ್ನು.

ನೀರಿನೊಳಗೆ ಕೆಂಪು ಮೊದಲು ಸಾಯುತ್ತದೆ.
ಐದು ಮಾರು ಇಳಿದರೆ ಕಂದು,
ಹತ್ತು ಮಾರಿಗೆ ಬರೀ ಬೂದಿ.
ಹಸಿರು ಇನ್ನೊಂದಿಷ್ಟು ದೂರ ಜೊತೆಗೆ ಬಂದೀತು.
ಮೋಡದ ದಿನ ಹಸಿರು, ಬಿಸಿಲಿಗೆ ಬೆಳ್ಳಿ.
ನಲವತ್ತು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ,
ಅದೂ ಕೆಲವು ದಿನ ಸುಳ್ಳಾಗುತ್ತದೆ.

ಇಗೋ, ಇದನ್ನು ಕಟ್ಟು.
ಊರ್ಹೋ ಹಿತ್ತಾಳೆ ತಗಡು ಕತ್ತರಿಸಿ
ಅಡುಗೆಮನೆಯ ಮೇಜಿನ ಅಂಚಿಗೆ ಒತ್ತಿ ಬಗ್ಗಿಸಿದ್ದು.
ಮೇಜಿನಲ್ಲಿ ಗುರುತು ಇನ್ನೂ ಇದೆ,
ಅದರ ಮೇಲೆ ಬೈಗುಳವೂ ಇದೆ, ನನ್ನದೇ.
ತಿರುಗಿಸಿ ನೋಡು, ಗಾಳ ಎಲ್ಲಿದೆ?
ಇಲ್ಲ. ಇದು ಯಾರನ್ನೂ ಚುಚ್ಚುವುದಿಲ್ಲ.
ದೋಣಿ ಎಳೆದಂತೆ ಗಿರಗಿರ ಸುತ್ತುತ್ತದೆ, ಅಷ್ಟೆ.
ದೂರದಲ್ಲೊಂದು ಸಾಲ್ಮನ್ ಈ ಮಿಂಚು ಕಂಡು
ಅಲ್ಲಿ ಇನ್ಯಾರೋ ಹೆರಿಂಗ್ ಹಿಂಡಿಗೆ ನುಗ್ಗಿದ್ದಾರೆ,
ಪಕ್ಕೆ ಹೊರಳಿಸಿ ಉಣ್ಣುತ್ತಿದ್ದಾರೆ ಅಂದುಕೊಳ್ಳುತ್ತದೆ.
ಹಸಿವಲ್ಲ ಡ್ವೇನ್, ಹೊಟ್ಟೆಕಿಚ್ಚು.
ಓಡಿ ಬಂದು ಬಾಯಿ ಹಾಕುವುದು ಮಾತ್ರ
ಹಿಂದೆ ಕುಣಿಯುವ ರಬ್ಬರ್ ಬೊಂಡಾಸಿಗೆ.

ಹೊಳಪಿಗೂ ಗಾಳಕ್ಕೂ ನಡುವೆ
ಎರಡು ಮೊಳ, ಮೇಲೊಂದು ಗೇಣು.
ನನ್ನ ಕೈಯಲ್ಲಿ ಅಳೆ, ನಿನ್ನದು ಉದ್ದ.
ಗಿಡ್ಡವಾದರೆ ಬೊಂಡಾಸಿಗೆ ದೆವ್ವ ಹಿಡಿಯುತ್ತದೆ,
ಉದ್ದವಾದರೆ ಹೆಣದಂತೆ ಹಿಂಬಾಲಿಸುತ್ತದೆ.
ನೀನು ಮತ್ತು ಸೈಮಿ...
ಬಿಡು. ನಾನು ಕೇಳುವುದಿಲ್ಲ ಅಂದಿದ್ದೆ.
ಅವಳು ಹೋದ ಮೇಲೂ ನನ್ನ ದೋಣಿಗೆ
ಬೆಳಗಿನ ನಾಲ್ಕಕ್ಕೆ ಬಂದು ನಿಂತಿದ್ದೀಯ,
ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದೀಯ, ಸಾಕು.

ಈಗ ಕೋಲಿನ ತುದಿ ನೋಡುತ್ತಿರು.
ಟುಕ್, ಟುಕ್, ಟುಕ್, ಒಂದೇ ಸಮ ಬಡಿಯಬೇಕು.
ತಪ್ಪಿತೋ, ಕಳೆ ಸಿಕ್ಕಿದೆ,
ಇಲ್ಲವೇ ಅಂಗೈಯಗಲದ ಮರಿಯೊಂದು ಜೋತುಬಿದ್ದಿದೆ.
ದೋಣಿ ತಿರುಗುವಾಗ ಒಳಬದಿಯದು ನಿಧಾನಿಸುತ್ತದೆ,
ಹೊರಬದಿಯದು ದೌಡಾಯಿಸುತ್ತದೆ;
ಯಾವುದಕ್ಕೆ ಕಚ್ಚಿತೆಂದು ನೆನಪಿಟ್ಟುಕೋ,
ಮೀನು ಹೇಳುವುದು ಅಷ್ಟೇ, ಒಂದೇ ಸಲ.

*

ಎರಡು ತಾಸಾಯಿತು.
ಪಲ್ಟ್ನಿ ಪಾಯಿಂಟಿನ ದೀಪಸ್ತಂಭ ಮಂಜಿನಿಂದ ಸೊಂಟದವರೆಗೆ ಹೊರಬಂದಿದೆ.
ಹಿತ್ತಾಳೆ ಟುಕ್ ಟುಕ್ ಅನ್ನುತ್ತಲೇ ಇದೆ,
ಊರ್ಹೋ ಗಡಿಯಾರಕ್ಕೆ ಕೀಲಿ ಕೊಟ್ಟು ಹೋದ ಹಾಗೆ.
ಯಾಕೆ ಹಾಗೆ ನೋಡುತ್ತೀ?
ಸರಿ. ಎಡಬದಿಗೆ ಕಟ್ಟು ನಿನ್ನ ನೇರಳೆ ರಾಣಿಯನ್ನು.
ಹದಿನೆಂಟು ಮಾರು ಇಳಿಸು.
ಅವಳ ಸಿಂಗಾರ ಅಲ್ಲಿ ನೋಡುವವರಾರೋ.

ಆಗಲೇ ಕ್ಲಿಪ್ ಬಿಟ್ಟಿತು.
ಕೋಲು ಒಮ್ಮೆ ನೆಟ್ಟಗೆ ನಿಂತು
ಏನೂ ಆಗಲಿಲ್ಲವೆಂಬಂತೆ ಸುಮ್ಮನಿದ್ದು
ಆಮೇಲೆ ನೀರಿಗೆ ತಲೆಬಾಗಿತು.
ನಗಬೇಡ. ಬಾಯಿ ಮುಚ್ಚಿಕೊಂಡು ರೀಲ್ ಸುತ್ತು.
ಚಿನೂಕ್ ಇರಬೇಕು, ತಲೆ ಒದರುತ್ತಿದೆ.
ಕೊಡು ದಾರ, ಕೊಡು, ಕೇಳಿದಷ್ಟು ಕೊಡು,
ಈಗ ಸುತ್ತು.

ನಿಲ್ಲು!
ಫ್ಲ್ಯಾಷರ್ ಕೋಲಿನ ತುದಿಗೆ ಬಂತು,
ಇನ್ನು ಸುತ್ತಬೇಡ.
ಇಲ್ಲೇ ಎಲ್ಲರೂ ಕಳೆದುಕೊಳ್ಳುವುದು.
ಹೊಳಪು ಕೈಗೆ ಬಂದಿತೆಂದರೆ ಮೀನು ಬಂದಂತಲ್ಲ,
ಅದಿನ್ನೂ ಎರಡು ಮೊಳ, ಮೇಲೊಂದು ಗೇಣು
ಆಚೆಗೇ ಇದೆ, ಬದುಕಿದೆ, ಯೋಚಿಸುತ್ತಿದೆ.
ಹಿಂದೆ ಹೆಜ್ಜೆಯಿಡು. ಇನ್ನೊಂದು.
ಕೋಲು ಎತ್ತಿ ಹಿಡಿ, ಎಳೆಯಬೇಡ.
ಬಲೆ ನಾನು ಹಾಕುತ್ತೇನೆ.

ಹಾ.

ಹದಿನೈದು ಪೌಂಡಿಗೆ ಮೋಸವಿಲ್ಲ.
ಒರೆಸು ಮುಖ, ಉಪ್ಪುನೀರು.
ಹಿತ್ತಾಳೆಯನ್ನು ಮೇಲೆತ್ತಿ ಡಬ್ಬಿಗೆ ಹಾಕು,
ಜೋಪಾನ, ಅಂಚು ಹರಿತವಿದೆ.

ಎಷ್ಟಕ್ಕೆ ಕೊಟ್ಟ ಆ ಕಳ್ಳ, ನೇರಳೆಯದನ್ನು?